ಜೋಡಿ ಇನ್ನೂ ಕಂಡಿಲ್ಲ

ಆ ಊರಿನ ಹೆಸರನ್ನು ನಾನು ಹೇಳುವುದಿಲ್ಲ. ಅಲ್ಲಿಯವರು ಯಾರಾದರೂ ಇದನ್ನು ಓದಿದರೆ ಈ ಮೊದಲ ಸಾಲನ್ನೇ ತಿದ್ದುತ್ತಾರೆ: ಹೇಳುವುದಿಲ್ಲ ಅನ್ನಬಾರದು, ಇನ್ನೂ ಹೇಳಿಲ್ಲ ಅನ್ನಬೇಕು. ತಿದ್ದಿಕೊಳ್ಳಲಿ. ನಾನು ಆ ಊರು ಬಿಟ್ಟವನು, ಈಗ ನನ್ನ ನಾಲಿಗೆ ನನ್ನದು.

ಅದೇ ಆ ಊರಿನ ಕಟ್ಟಳೆ. ಬರಿಯ ‘ಇಲ್ಲ’ ಎಂಬ ಮಾತನ್ನು ಅಲ್ಲಿ ಯಾರೂ ಆಡುವ ಹಾಗಿಲ್ಲ. ಅದರ ಹಿಂದೆಮುಂದೆ ಎಲ್ಲಾದರೂ ಒಂದು ‘ಇನ್ನೂ’ ಇರಲೇಬೇಕು. ಅಂಗಡಿಯಲ್ಲಿ ಉಪ್ಪು ಮುಗಿದರೆ ಅಂಗಡಿಯವನು ಉಪ್ಪು ಇನ್ನೂ ಬಂದಿಲ್ಲ ಎನ್ನುತ್ತಾನೆ, ತರಿಸುವ ಯೋಚನೆ ಅವನ ತಲೆಯಲ್ಲಿ ಇರದಿದ್ದರೂ. ನೋಡಲು ಬಂದ ಗಂಡು ಬೇಡವಾದ ಹುಡುಗಿ ಇನ್ನೂ ಒಪ್ಪಿಲ್ಲ ಎನ್ನುತ್ತಾಳೆ. ಗಂಡಿನ ಕಡೆಯವರು ತೆಂಗಿನಕಾಯಿ ಹಿಡಿದು ಜಗಲಿಯ ಮೇಲೆ ಕಾಯುತ್ತಾರೆ, ಹುಡುಗಿಯ ತಲೆ ನೆರೆತರೂ ಕಾಯುತ್ತಾರೆ. ಸತ್ತವರನ್ನು ಮಣ್ಣು ಮಾಡಿ ಬಂದವರು ಅವರು ಇನ್ನೂ ಎದ್ದಿಲ್ಲ ಎಂದು ಹೇಳಿ ಕಾಲು ತೊಳೆದುಕೊಂಡು ಒಳಗೆ ಹೋಗುತ್ತಾರೆ.

ಆಸೆ ಬತ್ತಬಾರದು ಅಂತ ಹಿಂದಿನವರು ಮಾಡಿದ್ದಂತೆ. ಇರಬಹುದು. ನನಗೆ ಮಾತ್ರ ಅದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಆ ಊರಿನಲ್ಲಿ ಒಬ್ಬಳು ಲೆಕ್ಕದವಳಿದ್ದಳು. ಹರೆಯದಲ್ಲಿ ಅವಳಿಗೆ ಒಂದು ಪ್ರಶ್ನೆ ಹತ್ತಿಕೊಂಡಿತು: ಮರಳಿನ ಕಾಳು ಯಾಕೆ ಹಗುರ? ಉಳಿದವರಿಗೆ ಅದು ಪ್ರಶ್ನೆಯೇ ಅಲ್ಲ. ಆದರೆ ಅವಳು ಲೆಕ್ಕ ಹಾಕಿದಾಗಲೆಲ್ಲ, ಗಾಳಿ ಬೆಳಕು ನೀರು ನೆಲ ಎಲ್ಲವೂ ಒಂದು ಕಾಳನ್ನು ಒತ್ತುವುದನ್ನು ಕೂಡಿಸಿದಾಗಲೆಲ್ಲ, ಕಾಳಿನ ತೂಕ ಊರಿಗಿಂತ ಹೆಚ್ಚು ಬರುತ್ತಿತ್ತು, ಬೆಟ್ಟಕ್ಕಿಂತ ಹೆಚ್ಚು ಬರುತ್ತಿತ್ತು. ಕಾಳು ಅವಳ ಅಂಗೈಯಲ್ಲಿ ತನ್ನ ಪಾಡಿಗೆ ಕೂತಿರುತ್ತಿತ್ತು, ಉಫ್ ಎಂದರೆ ಹಾರಿಹೋಗುತ್ತಿತ್ತು. ಬಹಳ ಕಾಲ ತಲೆ ಕೆಡಿಸಿಕೊಂಡ ಮೇಲೆ ಅವಳು ಒಂದು ಊಹೆ ಮಾಡಿದಳು. ಲೋಕದ ಪ್ರತಿಯೊಂದಕ್ಕೂ ಕಾಣದ ಒಂದು ಜೋಡಿ ಇದೆ, ಅದು ಇದಕ್ಕಿಂತ ಭಾರ. ಕಾಳಿನ ಲೆಕ್ಕ ಮೇಲೇರಿದಷ್ಟೂ ಜೋಡಿಯ ಲೆಕ್ಕ ಕೆಳಕ್ಕೆ ಎಳೆಯುತ್ತದೆ. ಒಂದು ಇನ್ನೊಂದನ್ನು ಹೊಡೆದುಹಾಕಿ ಕೊನೆಗೆ ಅಂಗೈಯ ಹಗುರವಷ್ಟೇ ಉಳಿಯುತ್ತದೆ.

ಆ ಲೆಕ್ಕ ಚೆಂದವಾಗಿತ್ತು. ನಾನು ಅದನ್ನು ಕಲಿತಿದ್ದೇನೆ. ಅದರ ಕೊನೆಯಲ್ಲಿ ಅವಳು ಒಂದು ಮಾತು ಸೇರಿಸಿದ್ದಳು. ನೆಲದಡಿ ಬಳೆಯ ಹಾಗೆ ಒಂದು ಸುರಂಗ ತೋಡಿ. ಅದರಲ್ಲಿ ಎರಡು ಕಾಳುಗಳನ್ನು ಎದುರುಬದುರಾಗಿ ಓಡಿಸಿ ಢಿಕ್ಕಿ ಹೊಡೆಸಿ. ಜೋಡಿ ಇದ್ದರೆ ಆ ಚೂರುಗಳ ನಡುವೆ ಕಾಣಬೇಕು. ಕಾಣದಿದ್ದರೆ ನನ್ನ ಲೆಕ್ಕ ತಪ್ಪು.

ಬಳೆಯ ಮಾತನ್ನು ಊರು ಕೇಳಿಸಿಕೊಂಡಿತು, ಕೊನೆಯ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮೊದಲ ಬಳೆಯನ್ನು ಸಂತೆ ಮೈದಾನದ ಸುತ್ತ ತೊಡಿಸಿದರು. ಹಾಗೆಯೇ ಅನ್ನುತ್ತಿದ್ದರು, ಊರಿಗೆ ಬಳೆ ತೊಡಿಸುವುದು ಅಂತ. ಅರಿಸಿನ ಕುಂಕುಮ ಇಟ್ಟು, ಹಾಡು ಹೇಳಿ, ಗುದ್ದಲಿ ಹಾಕುವುದು. ಜೋಡಿಗಳು ಬಂದಾಗ ಹಸಿದಿರಬಾರದು ಎಂದು ಮನೆಮನೆಯಲ್ಲೂ ಊಟಕ್ಕೆ ಕೂತವನ ಪಕ್ಕದಲ್ಲಿ ಇನ್ನೊಂದು ಎಲೆ ಹಾಕುವುದು ರೂಢಿಯಾಯಿತು. ಆ ಎಲೆಗೂ ಅನ್ನ, ಸಾರು, ಪಲ್ಯ, ಮಜ್ಜಿಗೆ. ಉಂಡವನು ಎದ್ದ ಮೇಲೆ ಜೋಡಿಯ ಎಲೆಯನ್ನು ಎತ್ತಿ ತಿಪ್ಪೆಗೆ ಎಸೆಯುವುದು. ಮಕ್ಕಳು ಎರಡನೇ ಸಲ ಅನ್ನ ಕೇಳಿದರೆ ಇನ್ನೂ ಮಿಕ್ಕಿಲ್ಲ ಎನ್ನುವುದು. ಮಕ್ಕಳ ಕಣ್ಣೆದುರೇ ತುಂಬಿದ ಎಲೆ ತಿಪ್ಪೆಗೆ ಹೋಗುತ್ತಿತ್ತು, ಒಬ್ಬರಿಗೂ ಕರುಳು ಚುರುಕ್ ಅನ್ನಲಿಲ್ಲ.

ಬಳೆಯೊಳಗೆ ಕೂತು ಚೂರುಗಳನ್ನು ನೋಡುವ ಕೆಲಸ ನನ್ನದು. ಊರಿನಲ್ಲಿ ನನ್ನನ್ನು ನೋಡುವವನು ಎಂದೇ ಕರೆಯುತ್ತಿದ್ದರು. ವರ್ಷಕ್ಕೊಮ್ಮೆ ಹೇಳಿಕೆಯ ದಿನ ನಾನು ಊರ ಕಟ್ಟೆ ಹತ್ತುತ್ತಿದ್ದೆ. ಊರೆಲ್ಲ ಕೆಳಗೆ ಸೇರಿರುತ್ತಿತ್ತು. ನಾನು “ಜೋಡಿ” ಎನ್ನಬೇಕು, ಸಭೆ “ಇನ್ನೂ” ಎನ್ನಬೇಕು, ನಾನು “ಕಂಡಿಲ್ಲ” ಎನ್ನಬೇಕು. ಆಮೇಲೆ ಎಲ್ಲರೂ ಚಪ್ಪಾಳೆ ತಟ್ಟಿ ಮನೆಗೆ ಹೋಗಿ ಎರಡೆರಡು ಎಲೆ ಹಾಕಿಕೊಂಡು ಹೋಳಿಗೆ ಊಟ ಮಾಡುವುದು.

ಮೊದಲ ಬಳೆಯಲ್ಲಿ ಕಾಣಲಿಲ್ಲ. ಜೋಡಿ ನಾವು ಅಂದುಕೊಂಡದ್ದಕ್ಕಿಂತ ಸ್ವಲ್ಪ ಭಾರ, ಬಳೆ ದೊಡ್ಡದಾಗಬೇಕು ಎಂದರು ಜೋಡಿಪೀಠದವರು. ಅಷ್ಟು ಹೊತ್ತಿಗೆ ಊರಿನಲ್ಲಿ ಒಂದು ಜೋಡಿಪೀಠ ಆಗಿತ್ತು, ಅದಕ್ಕೊಬ್ಬ ಹಿರಿಯ ಇದ್ದ, ಪೀಠದ ತುಂಬ ಲೆಕ್ಕ ಕಲಿತ ಪಂಡಿತರಿದ್ದರು. ಎರಡನೆಯ ಬಳೆಯನ್ನು ಊರ ಹೊರಗೆ, ಕುಂಬಾರರು ಮಡಕೆ ಸುಡುವ ಆವಿಗೆಗಳನ್ನು ಕಿತ್ತುಹಾಕಿ ತೊಡಿಸಿದರು. ಅದರಲ್ಲೂ ಕಾಣಲಿಲ್ಲ. ದಿಕ್ಕುಗಳು ನಮಗೆ ತೋರುವಷ್ಟೇ ಅಲ್ಲ, ಉಳಿದವು ಸುರುಟಿಕೊಂಡು ಸಣ್ಣಗಾಗಿವೆ, ಜೋಡಿಗಳು ಅಲ್ಲಿ ಕೂತಿರಬಹುದು ಎಂದು ಒಬ್ಬ ಪಂಡಿತ ಹೇಳಿದ. ನಮ್ಮಂಥ ಊರುಗಳು ಎಣಿಕೆಗೆ ಸಿಗದಷ್ಟಿವೆ, ಅವುಗಳಲ್ಲಿ ಒಂದೂರಿನಲ್ಲಿ ಜೋಡಿ ಈಗಾಗಲೇ ಕಂಡಿರಲೇಬೇಕು ಎಂದು ಇನ್ನೊಬ್ಬ ಹೇಳಿದ. ಆ ಊರಿಗೆ ದಾರಿ ಯಾವುದು ಎಂದು ನಾನು ಕೇಳಿದೆ. ದಾರಿ ಇನ್ನೂ ಇಲ್ಲ ಎಂದರು. ಸಭೆ ತಲೆದೂಗಿತು.

ಮೂರನೆಯ ಬಳೆಗೆ ಸುಣ್ಣದ ಗೆರೆ ಎಳೆದದ್ದು ಕೆರೆ ಏರಿಯ ಮೇಲೆ. ಊರಿಗೆ ಇದ್ದದ್ದು ಅದೊಂದೇ ಕೆರೆ. ಏರಿ ಅಗೆದರೆ ನೀರು ಹೋಗುತ್ತದೆ ಎಂಬುದು ಎಮ್ಮೆ ಕಾಯುವವರಿಗೂ ಗೊತ್ತು, ಪೀಠದ ಪಂಡಿತರಿಗೂ ಗೊತ್ತು. ನೀರು ಇನ್ನೂ ಹೋಗಿಲ್ಲವಲ್ಲ ಎಂದರು.

ಆ ಗೆರೆ ನೋಡಿ ಲೆಕ್ಕದವಳು ನನ್ನ ಮನೆಗೆ ಬಂದಳು. ಅವಳಿಗೆ ಆಗಲೇ ವಯಸ್ಸಾಗಿತ್ತು, ಊರುಗೋಲು ಹಿಡಿಯುತ್ತಿದ್ದಳು. ಒಳಗೆ ಬಂದು ಬಾಗಿಲು ಹಾಕಿ, ಚಾಪೆಯ ಮೇಲೆ ಕೂತು ಕೇಳಿದಳು.

“ನಿಜ ಹೇಳು. ಎರಡನೇ ಬಳೇಲಿ ಏನು ಕಂಡೆ?”

“ಅಮ್ಮ, ಜೋಡಿ ಇನ್ನೂ…”

“ಕಟ್ಟೆ ಮೇಲಿನ ಮಾತು ಬೇಡ. ನಿನ್ನ ಕಣ್ಣಿಗೆ ಏನು ಬಿತ್ತು ಅದನ್ನ ಹೇಳು.”

“ಚೂರು ಬಿತ್ತಮ್ಮ. ಕಾಳಿನ ಚೂರು, ಆ ಚೂರಿನ ಚೂರು. ಎಲ್ಲಾ ನಮಗೆ ಗೊತ್ತಿರೋದೇ. ಬೇರೆ ಏನೂ ಇಲ್ಲ.”

ಹೇಳಿ ನಾನು ನಾಲಿಗೆ ಕಚ್ಚಿಕೊಂಡೆ. ಅವಳು ಮಾತ್ರ ನಕ್ಕಳು. ಅಷ್ಟು ಹಗುರವಾಗಿ ಅವಳು ನಕ್ಕದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

“ಹಾಗಾದ್ರೆ ತಪ್ಪು,” ಎಂದಳು. “ಎಷ್ಟು ದಿನದಿಂದ ಅನುಮಾನ ಇತ್ತು ನಂಗೆ. ಇಡೀ ಆಯಸ್ಸು ಹಾಕಿ ನಾವು ಒಂದು ವಿಷಯ ತಿಳ್ಕೊಂಡಿದೀವಿ ಕಣಪ್ಪ. ಈ ಕಡೆ ದಾರಿ ಇಲ್ಲ ಅಂತ. ಇದೇನು ಸಣ್ಣ ವಿಷಯವಾ? ನೀನು ಕಣ್ಣು ಹಾಳುಮಾಡ್ಕೊಂಡು ಕಂಡುಹಿಡಿದಿರೋದು ಅದು. ಇನ್ನು ಬೇರೆ ಕಡೆ ನೋಡಬಹುದು. ನಡಿ, ಪೀಠಕ್ಕೆ ಹೋಗೋಣ. ಕೆರೆ ಉಳೀಲಿ.”

ಪೀಠದ ಹಿರಿಯ ಅವಳ ಬಳಿಯೇ ಲೆಕ್ಕ ಕಲಿತವನು. ಎದ್ದು ಬಂದು ಕಾಲಿಗೆ ನಮಸ್ಕಾರ ಮಾಡಿದ, ಕುರ್ಚಿ ಹಾಕಿಸಿದ, ಬೆಲ್ಲ ನೀರು ತರಿಸಿದ. ಮರ್ಯಾದೆಗೆ ಅಲ್ಲಿ ಯಾವತ್ತೂ ಕೊರತೆ ಇರಲಿಲ್ಲ.

“ನನ್ನ ಲೆಕ್ಕ ತಪ್ಪಪ್ಪ,” ಎಂದಳು ಅವಳು. “ವಾಪಸ್ ತಗೋತೀನಿ. ಗೆರೆ ಅಳಿಸು.”

“ಅಮ್ಮಾ, ನಿಮ್ಮ ಲೆಕ್ಕ ಎಷ್ಟು ಚೆಂದ ಇದೆ ಅಂತ ನಿಮಗೇ ಗೊತ್ತಿಲ್ವೇನೋ ಇನ್ನೂ.”

“ಚೆಂದ ಅಂತ ಗೊತ್ತು. ಬರೆದವಳು ನಾನು. ಚೆಂದ ಇರೋದೆಲ್ಲ ನಿಜ ಆಗ್ಬೇಕು ಅಂತ ಯಾರು ಹೇಳಿದ್ರು ನಿಂಗೆ?”

“ತಪ್ಪು ಅಂತ ಇನ್ನೂ ಗೊತ್ತಾಗಿಲ್ವಲ್ಲ ಅಮ್ಮ.”

“ಕಾಣದೇ ಇದ್ರೆ ತಪ್ಪು ಅಂತ ನಾನೇ ಬರೆದಿದ್ದೆ. ಕೊನೆ ಸಾಲು. ನಿಂಗೆ ಪಾಠ ಹೇಳುವಾಗ ಅದನ್ನೇ ಮೊದಲು ಹೇಳಿದ್ದೆ.”

“ಆ ಸಾಲು ಚಿಕ್ಕ ಬಳೆಗೆ ಬರೆದದ್ದಮ್ಮ. ದೊಡ್ಡ ಬಳೆಗೆ ಅದು ಹೊಂದೋದು ಹೇಗೆ? ಅದೂ ಅಲ್ಲದೆ,” ಎಂದು ಅವನು ಸುತ್ತ ಕೂತ ಪಂಡಿತರ ಕಡೆ ಕೈ ತೋರಿಸಿದ, “ಇವರೆಲ್ಲ ಬೇರೆ ಏನನ್ನೂ ಇನ್ನೂ ಕಲ್ತಿಲ್ಲ.”

ಪಂಡಿತರು ತಲೆ ತಗ್ಗಿಸಿದರು. ಅವರಲ್ಲಿ ದಡ್ಡರು ಒಬ್ಬರೂ ಇರಲಿಲ್ಲ. ಅದೇ ನನಗೆ ಹೆಚ್ಚು ಸಿಟ್ಟು ಬರಿಸುವುದು. ಬುದ್ಧಿ ಇಲ್ಲದವರು ಮಾಡಿದ್ದರೆ ಪಾಪ ಅನ್ನಬಹುದಿತ್ತು. ಅಷ್ಟೊಂದು ಬುದ್ಧಿಯನ್ನು ಒಂದು ತಪ್ಪನ್ನು ಬದುಕಿಸಿಡಲು ಸುರಿದವರಿಗೆ ಏನನ್ನಬೇಕು?

ಹೇಳಿಕೆಯ ದಿನ ಬಂತು. ಈ ಸಲ ನಾನಲ್ಲ, ಲೆಕ್ಕದವಳು ಕಟ್ಟೆ ಹತ್ತಿದಳು. ಊರು ಅವಳನ್ನು ನೋಡಿ ಖುಷಿಪಟ್ಟಿತು. ಹೆಂಗಸರು ಮಕ್ಕಳನ್ನು ಎತ್ತಿ ತೋರಿಸಿದರು.

“ಜೋಡಿ ಅನ್ನೋದು” ಎಂದಳು ಅವಳು.

“ಇನ್ನೂ” ಎಂದಿತು ಸಭೆ.

“ಇಲ್ಲ” ಎಂಬ ಅವಳ ಮಾತು ಅದರ ಬೆನ್ನಿಗೇ ಹೋಗಿ ಕೂತಿತು. ಜೋಡಿ ಅನ್ನೋದು ಇನ್ನೂ ಇಲ್ಲ. ಚಪ್ಪಾಳೆ ಬಿತ್ತು.

ಅವಳು ಕೈ ಎತ್ತಿ ತಡೆದಳು. “ನಾನು ಹೇಳಿದ್ದು ಅದಲ್ಲ. ಎರಡು ಬಳೆ ತೋಡಿದ್ರಿ, ಜೋಡಿ” ಎಂದಳು, “ಇನ್ನೂ” ಎಂದರು, “ಕಾಣಲಿಲ್ಲ” ಎಂದಳು. ಮತ್ತೆ ಚಪ್ಪಾಳೆ. ಅವಳು ಬೇಗ ಹೇಳಿ ನೋಡಿದಳು, ನಿಧಾನವಾಗಿ ಹೇಳಿ ನೋಡಿದಳು, ಕೂಗಿ ಹೇಳಿ ನೋಡಿದಳು. ಅವಳು ಬಾಯಿ ತೆರೆಯುವ ಮೊದಲೇ ‘ಇನ್ನೂ’ ಬಂದು ನಿಂತಿರುತ್ತಿತ್ತು. ಯಾರಿಗೂ ಅವಳ ಮೇಲೆ ಕೋಪ ಇರಲಿಲ್ಲ. ಅವಳ ಮಾತನ್ನು ಪೂರ್ತಿ ಮಾಡುತ್ತಿದ್ದೇವೆ ಎಂದೇ ಅವರು ತಿಳಿದಿದ್ದರು. ಒಬ್ಬ ಮುದುಕಿಯ ಬಾಯಿಂದ ಅವಳ ಮಾತನ್ನು ಕಸಿದು, ತೊಳೆದು, ಅರಿಸಿನ ಹಚ್ಚಿ ಅವಳ ಕೈಗೇ ಕೊಡುತ್ತಿದ್ದರು. ನಾನು ಕಟ್ಟೆಯ ಪಕ್ಕದಲ್ಲೇ ನಿಂತು ನೋಡುತ್ತಿದ್ದೆ.

ಲೆಕ್ಕದವಳು ಕೂತುಕೊಂಡಳು. ಸುಧಾರಿಸಿಕೊಂಡಳು. ಕಟ್ಟೆಯ ಮೇಲೆ ಬಿದ್ದಿದ್ದ ಒಂದು ಕಲ್ಲನ್ನು ಎತ್ತಿಕೊಂಡು ಮತ್ತೆ ಎದ್ದಳು.

“ಇದೇನು?”

“ಕಲ್ಲು,” ಎಂದಿತು ಸಭೆ.

“ಇದು ಬೆಲ್ಲವಾ?”

“ಅಲ್ಲ.”

“ಏನಂದ್ರಿ?”

“ಅಲ್ಲ.”

“ಈಗ ನೀವು ‘ಇನ್ನೂ’ ಅನ್ನಲಿಲ್ಲ,” ಎಂದಳು ಅವಳು. “ಈ ಕಲ್ಲು ಇನ್ನೂ ಬೆಲ್ಲ ಅಲ್ಲ ಅಂತ ಅನ್ನಿ ನೋಡೋಣ.”

ಮುಂದೆ ನಿಂತ ಒಬ್ಬ ಅನ್ನಲು ಹೋದ, ನಾಲಿಗೆ ತೊಡರಿತು. ಇನ್ನೊಬ್ಬಳು ಅಂದು ತಾನೇ ನಕ್ಕುಬಿಟ್ಟಳು. ‘ಇಲ್ಲ’ದ ಜೊತೆ ಸಲೀಸಾಗಿ ನಡೆಯುವ ‘ಇನ್ನೂ’, ‘ಅಲ್ಲ’ದ ಹತ್ತಿರ ಬಂದು ಕುಂಟಿತು. ಊರಿಗೆ ಊರೇ ತುಟಿ ಅಲ್ಲಾಡಿಸಿ ನೋಡುತ್ತಿತ್ತು, ಮಾತು ಹೊರಡುತ್ತಿರಲಿಲ್ಲ.

“ನನ್ನ ಲೆಕ್ಕವೂ ಹಾಗೇನೇ,” ಎಂದಳು ಲೆಕ್ಕದವಳು. “ಅದು ಚೆಂದದ ಲೆಕ್ಕ. ಆದ್ರೆ ಈ ಲೋಕದ ಲೆಕ್ಕ ಅಲ್ಲ.”

ಬುಡಕ್ಕೇ ನೀರು ಮುಟ್ಟಿದ ಹಾಗೆ ಆ ಮಾತು ಇಳಿಯುವುದು ನನಗೆ ಜನರ ಮುಖದ ಮೇಲೆ ಕಾಣುತ್ತಿತ್ತು. ಒಬ್ಬ ತಾಯಿ ತನ್ನ ಮಗುವಿನ ಮುಖ ನೋಡಿದಳು, ತಿಪ್ಪೆಯ ಕಡೆ ನೋಡಿದಳು. ಆ ಗಳಿಗೆ ಕೆರೆ ಉಳಿಯಿತು ಎಂದೇ ನಾನು ನಂಬಿದೆ.

ಪೀಠದ ಹಿರಿಯ ಕೈ ಮುಗಿದುಕೊಂಡು ಕಟ್ಟೆ ಹತ್ತಿದ.

“ಅಮ್ಮ ನಮಗೆ ಇವತ್ತು ಒಂದು ಒಳ್ಳೇ ಮಾತು ಕಲಿಸಿದ್ರು,” ಎಂದ. “ಅಲ್ಲ ಅನ್ನೋ ಮಾತು. ಕಟ್ಟಳೆ ಅದನ್ನ ತಡೆಯೋದಿಲ್ಲ ಇನ್ನೂ. ಹಾಗಾಗಿ ನಾನೂ ಅದೇ ಮಾತಲ್ಲಿ ಹೇಳ್ತೀನಿ. ಪ್ರತಿಯೊಂದಕ್ಕೂ ಜೋಡಿ ಇದೆ ಅಂದ್ರೆ ಪ್ರತಿಯೊಬ್ಬರಿಗೂ ಇದೆ. ಲೆಕ್ಕ ಬರೆದವರು ಲೆಕ್ಕ ತಪ್ಪು ಅಂತಾರಾ? ಯಾರಾದ್ರೂ ತನ್ನ ಮಗು ತನ್ನದಲ್ಲ ಅಂತಾರಾ? ಇವರು ಅವರಲ್ಲ. ಲೆಕ್ಕ ಬರೆದದ್ದು ಇವರ ಜೋಡಿ. ಆ ಮಹಾತಾಯಿ” ಎಂದು ನಿಲ್ಲಿಸಿದ.

“ಇನ್ನೂ” ಎಂದಿತು ಸಭೆ, ಎದೆಯ ಮೇಲಿನ ಕಲ್ಲು ಇಳಿಸಿದವರ ಹಾಗೆ.

“ಕಂಡಿಲ್ಲ,” ಎಂದ ಹಿರಿಯ.

ಅಷ್ಟು ಜೋರಾದ ಚಪ್ಪಾಳೆಯನ್ನು ನಾನು ಆ ಊರಿನಲ್ಲಿ ಕೇಳಿರಲಿಲ್ಲ. ಅವರ ಮಾತಿನಿಂದಲೇ ಅವರನ್ನು ಹೊಡೆಯಲು ಹೊರಟಿದ್ದವಳನ್ನು ಅವಳ ಮಾತಿನಿಂದಲೇ ಹೊಡೆದಿದ್ದರು. ನಾನು ಕಟ್ಟೆ ಹತ್ತಿ, ನೋಡುವವನು ನಾನು, ನಾನು ನೋಡಿದ್ದೇನೆ, ಅಲ್ಲೇನೂ ಇಲ್ಲ ಎಂದು ಕೂಗಿದೆ. ನನ್ನ ಮಾತಿಗೂ ‘ಇನ್ನೂ’ ಸೇರಿತು. ಲೆಕ್ಕದವಳು ಕಲ್ಲನ್ನು ಕೆಳಗಿಟ್ಟಳು. ನನ್ನ ತೋಳು ಹಿಡಿದು ಮೆಟ್ಟಿಲು ಇಳಿದಳು.

ಮರುದಿನ ಬೆಳಿಗ್ಗೆ ಏರಿಯ ಮೇಲೆ ಅರಿಸಿನ ಕುಂಕುಮ ಇಟ್ಟು ಹಾಡು ಹೇಳಿದರು. ಲೆಕ್ಕದವಳು ಸುಣ್ಣದ ಗೆರೆಯ ಮೇಲೆ ಹೋಗಿ ನಿಂತಳು. ಅಗೆಯುವವರ ಮುಂದಾಳು ಗುದ್ದಲಿ ಕೆಳಗಿಟ್ಟು ಅವಳ ಹತ್ತಿರ ಬಂದ. ಒಳ್ಳೆಯ ಮನುಷ್ಯ, ಸಂಕೋಚದಿಂದ ಕತ್ತು ಕೆರೆದುಕೊಳ್ಳುತ್ತಿದ್ದ.

“ಅಮ್ಮ, ಸ್ವಲ್ಪ ಪಕ್ಕಕ್ಕೆ ಬನ್ನಿ,” ಎಂದ. “ನಿಮ್ಮನ್ನೇ ಹುಡುಕೋಕೆ ಅಗೀತಿರೋದು.”

“ಸಿಕ್ಕಿದೀನಲ್ಲಪ್ಪ. ನಿನ್ನ ಎದುರಿಗೇ ಇದೀನಿ. ಇನ್ಯಾಕೆ ಅಗೀತೀಯಾ?”

ಅವನಿಗೆ ಆ ಮಾತು ಸರಿ ಎನಿಸಿತು. ಅವಳನ್ನು ಮೇಲಿನಿಂದ ಕೆಳಗೆ ನೋಡಿದ, ಏರಿಯ ತುದಿಯಲ್ಲಿ ನಿಂತಿದ್ದ ಹಿರಿಯನ ಕಡೆ ತಿರುಗಿದ. ಹಿರಿಯ ಅವಳ ಕಡೆ ನೋಡಲೂ ಇಲ್ಲ.

“ಇನ್ನೂ ಸಿಕ್ಕಿಲ್ಲ,” ಎಂದ. “ಅಗೀರಿ.”

ಅವಳನ್ನು ಕುರ್ಚಿಯ ಮೇಲೆ ಕೂರಿಸಿ, ಕುರ್ಚಿ ಸಮೇತ ಎತ್ತಿ, ಬಹಳ ಮರ್ಯಾದೆಯಿಂದ ಪಕ್ಕಕ್ಕೆ ಇಟ್ಟರು. ಬಿಸಿಲು ಬೀಳದಿರಲಿ ಎಂದು ಒಬ್ಬ ಛತ್ರಿ ಹಿಡಿದ. ಅಗೆದರು. ನೀರು ಮೊದಲು ಸಣ್ಣಗೆ ಜಿನುಗಿತು, ಆಮೇಲೆ ಏರಿಯ ಮಣ್ಣನ್ನು ಎಳೆದುಕೊಂಡು ಕೆಳಗಿನ ಹಳ್ಳಿಯ ಕಡೆ ನುಗ್ಗಿತು. ಮೀನುಗಳು ಕೆಸರಿನಲ್ಲಿ ಒದ್ದಾಡಿದವು. ಕೆರೆ ಇನ್ನೂ ತುಂಬಿಲ್ಲ ಎಂದು ಯಾರೋ ಹೇಳಿದರು. ಹೇಳಿದವರು ನಗುತ್ತಿರಲಿಲ್ಲ, ನಂಬಿ ಹೇಳಿದ್ದರು.

ಲೆಕ್ಕದವಳು ಕುರ್ಚಿಯಿಂದ ಎದ್ದು ನೀರು ಹೋದ ದಾರಿಯಲ್ಲಿ ನಡೆಯತೊಡಗಿದಳು. ನಾನೂ ಹಿಂದೆ ಹೋದೆ. ನಮ್ಮನ್ನು ಯಾರೂ ಕರೆಯಲಿಲ್ಲ. ಅವಳನ್ನು ಹುಡುಕುವ ಗಡಿಬಿಡಿಯಲ್ಲಿ ಊರು ಅವಳು ಹೋದದ್ದನ್ನೇ ಗಮನಿಸಲಿಲ್ಲ.

ಕೆಳಗಿನ ಹಳ್ಳಿಯ ಅಂಚಿನಲ್ಲಿ ಒಬ್ಬ ಸೊಪ್ಪಿನವಳು ಸೀರೆ ಎತ್ತಿಕಟ್ಟಿ ಮೊಣಕಾಲುದ್ದ ಕೆಸರಿನಲ್ಲಿ ನಿಂತಿದ್ದಳು. ಅವಳ ಸೊಪ್ಪಿನ ಮಡಿಗಳೆಲ್ಲ ಕೊಚ್ಚಿಹೋಗಿದ್ದವು. ಕೊತ್ತಂಬರಿ, ಮೆಂತ್ಯ, ದಂಟು ಎಲ್ಲ ಬೇಲಿಗೆ ಸಿಕ್ಕಿಕೊಂಡು ನೇತಾಡುತ್ತಿತ್ತು. ನಮ್ಮನ್ನು ಕಂಡವಳೇ ಕೂಗಿದಳು.

“ಮೇಲಿನ ಊರೋರಾ ನೀವು? ಯಾರ್ರೀ ಕೆರೆ ಒಡೆದೋರು? ಕಣ್ಣು ಕಾಣಲ್ವಾ ನಿಮಗೆ?”

“ನನ್ನಿಂದ ಆದದ್ದಮ್ಮ,” ಎಂದಳು ಲೆಕ್ಕದವಳು. “ನಾನೊಂದು ಲೆಕ್ಕ ಹಾಕಿದ್ದೆ. ಅದು ತಪ್ಪು.”

‘ಇನ್ನೂ’ ಬರುತ್ತದೆ ಎಂದು ನಾನು ಅಭ್ಯಾಸಬಲದಿಂದ ಕಿವಿ ನಿಮಿರಿಸಿದೆ, ಅದು ಬರಲಿಲ್ಲ. ಸೊಪ್ಪಿನವಳು ಸೊಂಟದ ಮೇಲೆ ಕೈ ಇಟ್ಟುಕೊಂಡಳು. ಮುಖ ಕೋಪದಿಂದ ಕೆಂಪಗಾಗಿತ್ತು.

“ತಪ್ಪು ಅಂದುಬಿಟ್ರೆ ಆಯ್ತಾ? ಎಲ್ಲಿ ತಪ್ತು ಅಂತ ಹೇಳು ಮತ್ತೆ.”

ಲೆಕ್ಕದವಳ ಕೈಯಿಂದ ಊರುಗೋಲು ಜಾರಿ ಬಿತ್ತು. ಅವಳ ಬಾಳಿನಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ಪೀಠದವರು ಕೇಳಿರಲಿಲ್ಲ, ಕಾಲಿಗೆ ಬಿದ್ದವರು ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಅವಳು ಅಲ್ಲೇ ಒದ್ದೆ ನೆಲದ ಮೇಲೆ ಕೂತಳು, ನೀರು ತಂದು ಹಾಕಿದ ಮರಳಿನಿಂದ ಒಂದು ಕಾಳನ್ನು ಬೆರಳ ತುದಿಯಲ್ಲಿ ಎತ್ತಿಕೊಂಡಳು. ಅವಳ ಕಣ್ಣಿನಿಂದ ದಳದಳ ನೀರು ಇಳಿಯುತ್ತಿತ್ತು.

“ಇಲ್ಲಿ ಬಾಮ್ಮ, ತೋರಿಸ್ತೀನಿ,” ಎಂದಳು. “ಇದು ಇಷ್ಟು ಹಗುರ ಇರ್ಬೇಕಾದ್ರೆ ಯಾರೋ ಇದನ್ನ ಆ ಕಡೆಯಿಂದ ಎತ್ತಿ ಹಿಡಿದಿರ್ಬೇಕು ಅಂದ್ಕೊಂಡೆ ನಾನು. ಇದು ತನ್ನಷ್ಟಕ್ಕೇ ಹಗುರ ಇರಬಹುದು ಅಂತ ನಂಗೆ ಹೊಳೀಲೇ ಇಲ್ಲ.”

ಸೊಪ್ಪಿನವಳು ಕೆಸರು ಕೈಯನ್ನು ಸೆರಗಿಗೆ ಒರೆಸಿಕೊಂಡು ಅವಳ ಎದುರಿಗೆ ಕುಕ್ಕರಗಾಲಲ್ಲಿ ಕೂತಳು. ಕೋಪ ಇಳಿದಿರಲಿಲ್ಲ.

“ಹೂಂ,” ಎಂದಳು. “ಆಮೇಲೆ?”